ಕಾರವಾರದ ಹತ್ತು ಬೆಳಗಿನ ಉಸಿರಾಟ ತರಗತಿ: ದುಡ್ಡಿಗೆ ಮೋಸವಿಲ್ಲ, ಏಳನೇ ದಿನವೊಂದು ಬಿಟ್ಟು

ಕಾರವಾರದ ಟ್ಯಾಗೋರ್ ಕಡಲತೀರದಿಂದ ನಡೆದೇ ಹೋಗಬಹುದಾದ ದೂರದಲ್ಲಿ ತಗಡಿನ ಮಾಡಿನ ಒಂದು ಪುಟ್ಟ ಸಭಾಭವನ. ಹತ್ತು ದಿನ, ಬೆಳಿಗ್ಗೆ 6ರಿಂದ 6.50, ತಲೆಗೆ 1,200 ರೂಪಾಯಿ. ಪಾಠ ಕನ್ನಡದಲ್ಲಿ, ಮುಂದಿನ ಸಾಲಿನ ಅಜ್ಜಿಯ ಮುಖ ನೋಡಿ ಅರ್ಥವಾಗಲಿಲ್ಲ ಅನಿಸಿದರೆ ಅದೇ ಮಾತು ಕೊಂಕಣಿಯಲ್ಲಿ ಇನ್ನೊಮ್ಮೆ. ಬರುವವರಲ್ಲಿ ಆಸನ ಕಲಿಯುವ ಆಸೆಯವರು ಕಡಿಮೆ. ನಿದ್ದೆ ಹತ್ತದವರು, ಸಣ್ಣ ಮಾತಿಗೂ ಎದೆ ಡವಡವ ಅನ್ನುವವರು, ಸಂಜೆಯಾದರೆ ಮನೆಯವರ ಮೇಲೆ ರೇಗುವವರು, ಪರೀಕ್ಷೆ ಹತ್ತಿರ ಬಂದ ಹುಡುಗರು. ಮೈ ಬಗ್ಗಿಸುವ ಕೆಲಸ ಇಲ್ಲವೇ ಇಲ್ಲ, ಐವತ್ತು ನಿಮಿಷವೂ ಉಸಿರೇ.

ಇಂಥ ತರಗತಿಯನ್ನು ತೂಗಲು ಒಂದು ಸುಲಭದ ತಕ್ಕಡಿ ಇದೆ. ಮೊದಲ ದಿನ ಕಲಿಸುವವರು ಉಸಿರು ತೆಗೆದುಕೊಳ್ಳುವ ಬಗ್ಗೆ ಎಷ್ಟು ಮಾತಾಡಿದರು, ಬಿಡುವ ಬಗ್ಗೆ ಎಷ್ಟು ಮಾತಾಡಿದರು ಅಂತ ನೋಡಿ. "ಎದೆ ತುಂಬ ಎಳೆದುಕೊಳ್ಳಿ" ಎಂದೇ ಶುರುವಾದರೆ ಕಳವಳದವರಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅವರು ಮೊದಲೇ ಅಗತ್ಯಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತಿರುತ್ತಾರೆ. ಈ ತರಗತಿಯ ಮೊದಲ ಮಾತು "ಬಿಡಿ". ಮೊದಲ ಇಪ್ಪತ್ತು ನಿಮಿಷ ಒಳಗೆ ಹೋಗುವ ಉಸಿರಿನ ಸುದ್ದಿಯನ್ನೇ ಎತ್ತುವುದಿಲ್ಲ.

ಯಾಕೆ ಅನ್ನುವುದನ್ನು ಭಾಷಣ ಮಾಡದೆ ಕೈಯಲ್ಲೇ ತೋರಿಸುತ್ತಾರೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ ಎರಡು ಬೆರಳಿಟ್ಟು ನಾಡಿ ಹಿಡಿಯಬೇಕು. ಉಸಿರು ಒಳಗೆ ಹೋಗುವಾಗ ಬಡಿತ ತುಸು ಚುರುಕಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ಹರೆಯದವರಿಗೆ ಇದು ಬೆರಳಿಗೇ ತಿಳಿಯುತ್ತದೆ. ವಯಸ್ಸಾದವರಿಗೆ ಅಷ್ಟು ಸ್ಪಷ್ಟವಾಗಿ ತಿಳಿಯದಿರಬಹುದು, ತಿಳಿಯಲಿಲ್ಲವೆಂದು ಗಾಬರಿಪಡಬೇಕಿಲ್ಲ. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಗುಂಡಿಗೆಯ ಮೇಲೆ ಹೆಚ್ಚುತ್ತದೆ, ಅದು ಗಾಡಿಯ ಬ್ರೇಕ್ ಇದ್ದ ಹಾಗೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ಬ್ರೇಕಿನ ಮೇಲೆ ಕಾಲು ಹೆಚ್ಚು ಹೊತ್ತು ಇರುತ್ತದೆ. ಸುಮ್ಮನೆ ಕುಳಿತ ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು 6ರ ಆಸುಪಾಸಿಗೆ ಇಳಿಸಿದಾಗ ರಕ್ತದೊತ್ತಡವನ್ನು ಹದದಲ್ಲಿಡುವ ವ್ಯವಸ್ಥೆಯ ಲಯವೂ ಉಸಿರಿನ ಲಯವೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ತರಗತಿಯ ಒಟ್ಟು ಸರಕು ಇಷ್ಟೇ, ಮಿಕ್ಕಿದ್ದೆಲ್ಲ ಅಲ್ಲಿಗೆ ಹೋಗುವ ದಾರಿ.

ದಾರಿಯನ್ನು ಚೆನ್ನಾಗಿ ಹಾಕಿದ್ದಾರೆ. ಮೊದಲೆರಡು ದಿನ 4 ಎಣಿಕೆ ಒಳಗೆ, 4 ಎಣಿಕೆ ಹೊರಗೆ. ಮೂರನೇ ದಿನದಿಂದ 4 ಒಳಗೆ, 6 ಹೊರಗೆ. ಒಂದು ಎಣಿಕೆಗೆ ಒಂದು ಸೆಕೆಂಡಾದರೆ ಒಂದು ಉಸಿರಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಸರಿಯಾಗಿ ಆರು. ಮಧ್ಯೆ ಹಿಡಿದಿಡುವುದು ಇಲ್ಲ. ಕುಂಭಕದ ಮಾತನ್ನು ಹತ್ತು ದಿನದಲ್ಲಿ ಒಮ್ಮೆಯೂ ಎತ್ತದೆ ಇದ್ದದ್ದು ಈ ತರಗತಿಯ ದೊಡ್ಡ ಗುಣ. ಹೊಸಬರು ಉಸಿರು ಹಿಡಿದರೆ ಬಿಡುವಾಗ ಭಸ್ ಎಂದು ಬಿಡುತ್ತಾರೆ, ಮುಂದಿನದನ್ನು ಗಬಕ್ಕನೆ ಎಳೆಯುತ್ತಾರೆ. ಹಿಡಿದದ್ದರ ಲಾಭ ಅಲ್ಲೇ ಸೋರಿಹೋಗುತ್ತದೆ.

ಎಣಿಕೆಗೆ ಅವರು ಮಾಡಿಕೊಂಡ ಉಪಾಯವನ್ನು ಮೆಚ್ಚಲೇಬೇಕು. ಪ್ರತಿಯೊಬ್ಬರ ಮುಂದೆ ಎರಡು ಸ್ಟೀಲ್ ಬಟ್ಟಲು, ಒಂದರಲ್ಲಿ 30 ಹುಣಸೆ ಬೀಜ. ಚೆನ್ನೆಮಣೆ ಆಡಿದ ಕೈಗಳಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ. ಉಸಿರು ಪೂರ್ತಿ ಹೊರಬಂದ ಮೇಲೆ ಒಂದು ಬೀಜ ಆಚೆ ಬಟ್ಟಲಿಗೆ. ಮೂವತ್ತೂ ದಾಟಿದರೆ ಐದು ನಿಮಿಷ. ಬೀಜ ಬೀಳುವ ಟಿಣ್ ಸದ್ದು ಎಲ್ಲರದ್ದೂ ಒಂದೇ ಸಲ ಬರುವುದಿಲ್ಲ. ಯಾರದ್ದು ಬೇಗ ಖಾಲಿಯಾಗುತ್ತಿದೆ ಎನ್ನುವುದು ಕಲಿಸುವವರಿಗೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ. ಮೂರೂವರೆ ನಿಮಿಷಕ್ಕೆ ಬಟ್ಟಲು ಖಾಲಿ ಮಾಡಿದವರಿಗೆ ಅವರ ಎಣಿಕೆ ಓಡುತ್ತಿದೆ ಎಂದೇ ಅರ್ಥ. ಮೊಬೈಲ್ ಆಪ್‌ನ ಉಬ್ಬಿ ಕುಗ್ಗುವ ಬಿಲ್ಲೆಯೂ ಇದೇ ಕೆಲಸ ಮಾಡುತ್ತದೆ, ಪುಕ್ಕಟೆ ಸಿಗುತ್ತದೆ ಕೂಡ. ಆದರೆ ನಿದ್ದೆಗೆಟ್ಟವರ ಕೈಗೆ ರಾತ್ರಿ ಹತ್ತಕ್ಕೆ ಮತ್ತೆ ಮೊಬೈಲ್ ಕೊಡುವುದು ಎಂಥ ಚಿಕಿತ್ಸೆ!

ಒಂದು ಕೊರತೆ ಇಲ್ಲೇ ಇದೆ. ಬೀಜ ಇಲ್ಲದ ಅಭ್ಯಾಸಗಳಲ್ಲಿ ಬಾಯಲ್ಲಿ ಎಣಿಸುತ್ತಾರೆ, ಆ ಎಣಿಕೆ ದಿನ ಕಳೆದಂತೆ ಓಟ ಹಿಡಿಯುತ್ತದೆ. ಐದನೇ ದಿನ ಗಡಿಯಾರ ಹಿಡಿದರೆ "ಒಂದು ಎರಡು ಮೂರು ನಾಲ್ಕು" ಮೂರೇ ಸೆಕೆಂಡಿಗೆ ಮುಗಿಯುತ್ತಿತ್ತು. ಗೋಡೆಗೊಂದು ಟಿಕ್ ಟಿಕ್ ಗಡಿಯಾರ ನೇತುಹಾಕಿದರೆ ತೀರಿತು.

ಕೂರುವ ವಿಷಯಕ್ಕೆ ಬಂದರೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಲೇಬೇಕೆಂಬ ಹಟ ಇಲ್ಲ, ಕುರ್ಚಿಗೂ ಮರ್ಯಾದೆ ಇದೆ. ನೆಲಕ್ಕೆ ಕೂತರೆ ಕುಂಡೆಯ ಕೆಳಗೆ ಮಡಚಿದ ಕಂಬಳಿ, ನಾಲ್ಕು ಬೆರಳು ದಪ್ಪ, ಮಂಡಿ ಸೊಂಟಕ್ಕಿಂತ ಕೆಳಗೆ ಬರಬೇಕು. ಮಂಡಿ ಮೇಲಿದ್ದರೆ ಹೊಟ್ಟೆ ಮಡಚಿಕೊಂಡು, ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಇಳಿಯಲು ಜಾಗ ಸಿಗುವುದಿಲ್ಲ. ಒಂದು ಕೈ ಹೊಕ್ಕುಳ ಮೇಲೆ, ಒಂದು ಎದೆ ಮೇಲೆ. ಮೇಲಿನ ಕೈ ಅಲುಗದೆ ಕೆಳಗಿನದು ಏರಿಳಿಯಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಹೊಟ್ಟೆಯನ್ನು ಸ್ನಾಯು ಬಿಗಿದು ಮುಂದಕ್ಕೆ ನೂಕುವುದು. ಕೈ ಏರುತ್ತದೆ, ನೋಡಿದವರಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಗಾಳಿ ಹೋಗಿರುವುದಿಲ್ಲ. ಪಕ್ಕೆಲುಬಿನ ಕೆಳ ಅಂಚಿಗೆ ಎರಡೂ ಅಂಗೈ ಇಟ್ಟುಕೊಳ್ಳಿ ಎನ್ನುತ್ತಾರೆ. ಪಕ್ಕೆಯೂ ಅಗಲವಾದರೆ ನಿಜವಾದ ಉಸಿರು, ಹೊಟ್ಟೆಯೊಂದೇ ಉಬ್ಬಿದರೆ ನಾಟಕ.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ನಿಧಾನ ಎಂದರೆ ದೊಡ್ಡದು ಎಂದು ತಿಳಿಯುವುದು. ಉಸಿರಿನ ಸಂಖ್ಯೆ ಇಳಿಸಿ, ಪ್ರತಿ ಉಸಿರಿನಲ್ಲೂ ಎದೆ ಬಿರಿಯುವಷ್ಟು ಗಾಳಿ ಎಳೆದರೆ ಲೆಕ್ಕ ಮತ್ತೆ ತಪ್ಪುತ್ತದೆ. ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ, ಮಿದುಳಿನ ರಕ್ತನಾಳ ಕಿರಿದಾಗಿ ತಲೆ ತೇಲಿದಂತಾಗುತ್ತದೆ, ಬೆರಳ ತುದಿ ಮತ್ತು ತುಟಿ ಜುಮುಗುಡುತ್ತವೆ. ಶಾಂತಿ ಹುಡುಕಿಕೊಂಡು ಬಂದವರಿಗೆ ಹೊಸ ಗಾಬರಿ. ಇದಕ್ಕೆ ಅವರ ಪರೀಕ್ಷೆ ಒಂದು ಎಳೆ ಹತ್ತಿ. ಮೂಗಿನಿಂದ ಮೂರು ಬೆರಳು ದೂರದಲ್ಲಿ ಹಿಡಿದರೆ ಅದು ಮೆಲ್ಲಗೆ ತೂಗಬೇಕು, ಹಾರಬಾರದು. ಹತ್ತಿ ಹಾರಿದರೆ "ಅರ್ಧ ಗಾಳಿ ಸಾಕು" ಎಂಬ ಸೂಚನೆ. ಪಕ್ಕದವರಿಗೆ ನಿಮ್ಮ ಉಸಿರು ಕೇಳಿಸಬಾರದು ಎನ್ನುವುದೂ ಅದೇ ಲೆಕ್ಕದ ಇನ್ನೊಂದು ಅಳತೆ.

ಆರನೇ ದಿನ ಭ್ರಾಮರಿ. ಏಳು ಸುತ್ತು, ಅಷ್ಟೇ. ಬಾಯಿ ಮುಚ್ಚಿ, ಹಲ್ಲು ಹಲ್ಲಿಗೆ ತಾಗದಂತೆ ದವಡೆ ಸಡಿಲ ಬಿಟ್ಟು "ಮ್" ಎಂದು ಗುಂಯ್‌ಗುಡುವುದು. ಹಲ್ಲು ಕಚ್ಚಿದ್ದರೆ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಸಡಿಲ ಬಿಟ್ಟರೆ ತುಟಿ, ಮೂಗಿನ ಬುಡ, ಹಣೆ ನಡುಗುತ್ತದೆ. ಗುಂಯ್‌ಗುಡುವಾಗ ಉಸಿರು ತಾನಾಗಿಯೇ ಉದ್ದವಾಗುತ್ತದೆ, ಎಣಿಸುವ ತಾಪತ್ರಯ ಇಲ್ಲ. ಎಣಿಕೆಗೇ ಟೆನ್ಶನ್ ಮಾಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗುನುಗುವಾಗ ಮೂಗಿನೊಳಗಿನ ನೈಟ್ರಿಕ್ ಆಕ್ಸೈಡ್ ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚು ಹೊರಬರುತ್ತದೆಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ಅದು ಮೂಗಿನ ಸಂಗತಿ, ಮನಸ್ಸಿನದಲ್ಲ. ತರಗತಿಯ ಕರಪತ್ರದಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ. ಕಿವಿ ಮುಚ್ಚುವಾಗ ಕಿವಿಯ ಮುಂದಿನ ಪುಟ್ಟ ಹಾಳೆಯನ್ನು ಒತ್ತಬೇಕೇ ಹೊರತು ಬೆರಳು ಒಳಗೆ ತೂರಿಸಬಾರದು. ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ.

ಎಂಟನೇ ದಿನದ ನಿಟ್ಟುಸಿರು ಹತ್ತು ದಿನದಲ್ಲೇ ಹೆಚ್ಚು ಬೆಲೆಯ ಪಾಠ. ಮೂಗಿನಿಂದ ಮುಕ್ಕಾಲು ಉಸಿರು, ಅದರ ಮೇಲೆ ಇನ್ನೊಂದು ಚಿಕ್ಕ ಗುಟುಕು, ಆಮೇಲೆ ಬಾಯಿಂದ ನಿಧಾನ, ಉದ್ದ, ಪೂರ್ತಿ. ಅತ್ತು ಅತ್ತು ಸುಸ್ತಾದ ಮಗು ನಿದ್ದೆಗೆ ಜಾರುವ ಮುಂಚೆ ಎರಡು ಸಲ ಬಿಕ್ಕಿ ಉಸಿರು ಬಿಡುತ್ತದಲ್ಲ, ಅದೇ. ಎರಡನೇ ಗುಟುಕು ಕುಗ್ಗಿ ಮುಚ್ಚಿಕೊಂಡ ಶ್ವಾಸಕೋಶದ ಪುಟ್ಟ ಗಾಳಿಚೀಲಗಳನ್ನು ಬಿಡಿಸುತ್ತದೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಬೇರೆ ಬೇರೆ ಗುಂಪುಗಳಿಂದ ಬೇರೆ ಬೇರೆ ಅಭ್ಯಾಸ ಮಾಡಿಸಿದ್ದರು. ಕಳವಳ ಎಲ್ಲ ಗುಂಪಿನಲ್ಲೂ ಇಳಿಯಿತು; ದಿನದಿನದ ಗೆಲುವಿನ ಮನಸ್ಥಿತಿ ಹೆಚ್ಚು ಏರಿದ್ದು ಈ ನಿಟ್ಟುಸಿರಿನ ಗುಂಪಿನಲ್ಲಿ. ಸಿಟ್ಟು ನೆತ್ತಿಗೇರಿದಾಗ ಮೂರು ನಿಟ್ಟುಸಿರು ಸಾಕು, ಬಟ್ಟಲು ಬೀಜ ಹುಡುಕುತ್ತಾ ಕೂರಬೇಕಿಲ್ಲ. ಒಂದೇ ಎಚ್ಚರಿಕೆ: ಎರಡನೇ ಗುಟುಕಿಗೆ ಭುಜ ಕಿವಿಯವರೆಗೆ ಎತ್ತಬಾರದು.

ಇನ್ನು ಏಳನೇ ದಿನ. ಆರು ದಿನ ಇಷ್ಟು ಹದವಾಗಿ ಕಟ್ಟಿದ ಮನೆಗೆ ಅವತ್ತು ಕಲ್ಲು ಬೀಳುತ್ತದೆ. ಯಾವ ಮುನ್ಸೂಚನೆಯೂ ಇಲ್ಲದೆ ಕಪಾಲಭಾತಿ, ಅಂದರೆ ಹೊಟ್ಟೆ ಒಳಗೆ ಜಗ್ಗಿ ಉಸಿರನ್ನು ರಭಸದಿಂದ ಹೊರಗೆ ಹೊಡೆಯುವುದು, ನಿಮಿಷಕ್ಕೆ 60 ಹೊಡೆತ, ಮೂರು ಸುತ್ತು, ಎಲ್ಲರಿಗೂ. ಸೇರುವಾಗ ತುಂಬಿಸಿಕೊಂಡ ಫಾರಂನಲ್ಲಿ ಬಿಪಿ, ಶುಗರ್ ಮಾತ್ರ ಕೇಳಿದ್ದಾರೆ. ಗರ್ಭಿಣಿಯೇ, ಮೂರ್ಛೆರೋಗ ಇದೆಯೇ, ಹರ್ನಿಯಾ ಇದೆಯೇ, ಇತ್ತೀಚೆಗೆ ಹೊಟ್ಟೆ ಆಪರೇಷನ್ ಆಗಿದೆಯೇ, ಗ್ಲಾಕೋಮಾ ಅಥವಾ ಕಣ್ಣಿನ ಪರದೆಯ ತೊಂದರೆ ಇದೆಯೇ, ಪ್ಯಾನಿಕ್ ದಾಳಿ ಬರುತ್ತದೆಯೇ ಎನ್ನುವ ಒಂದು ಪ್ರಶ್ನೆಯೂ ಇಲ್ಲ. ಇವರಲ್ಲಿ ಯಾರೂ ಅದನ್ನು ಗುಂಪಿನಲ್ಲಿ ಕುಳಿತು ಮಾಡುವಂತಿಲ್ಲ. ಬಿಪಿ ಹತೋಟಿಗೆ ಬಾರದವರೂ ಮಾಡುವಂತಿಲ್ಲ. ಆ ಕಾಲಂ ತುಂಬಿಸಿಕೊಂಡದ್ದನ್ನಾದರೂ ಓದಬೇಕಿತ್ತು. ಪ್ಯಾನಿಕ್ ಇರುವವರ ಪಾಡಂತೂ ಬೇರೆಯೇ. ವೇಗದ ಉಸಿರು ತರುವ ತಲೆಸುತ್ತು, ಜೋಮು, ಎದೆಬಡಿತ ಅವರಿಗೆ ದಾಳಿಯ ಮೊದಲ ಮೆಟ್ಟಿಲಿನ ಹಾಗೇ ಕಾಣುತ್ತದೆ.

ಸಂಪ್ರದಾಯದ ಹೆಸರು ಹೇಳಿಯೂ ಇದನ್ನು ಸಮರ್ಥಿಸಲಾಗದು. ಹಠಯೋಗ ಪ್ರದೀಪಿಕೆ ಕಪಾಲಭಾತಿಯನ್ನು ಇಟ್ಟಿರುವುದು ಷಟ್ಕರ್ಮಗಳಲ್ಲಿ, ಅಂದರೆ ಮೈ ಶುದ್ಧಿಯ ಕ್ರಿಯೆಗಳ ಸಾಲಿನಲ್ಲಿ, ಪ್ರಾಣಾಯಾಮದ ಸಾಲಿನಲ್ಲಲ್ಲ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಷ್ಟು ಮೆಲ್ಲಮೆಲ್ಲನೆ ಉಸಿರನ್ನು ಪಳಗಿಸಬೇಕು, ಇಲ್ಲವಾದರೆ ಅದು ಅಭ್ಯಾಸಿಯನ್ನೇ ಕೊಲ್ಲುತ್ತದೆ ಎಂದೂ ಅಲ್ಲೇ ಇದೆ. ಆರು ದಿನ ಅದೇ ರೀತಿ ನಡೆಸಿದವರು ಏಳನೇ ದಿನ ಹುಲಿಯ ಬಾಲ ಎಳೆದದ್ದೇಕೋ. ಸೇರುವವರು ಆ ದಿನ ಹೋಗಿ, "ನಾನು ಬೀಜವೇ ಎಣಿಸುತ್ತೇನೆ" ಎಂದು ಹಿಂದಿನ ಸಾಲಿನಲ್ಲಿ ಕುಳಿತರೆ ಯಾರೂ ಬಯ್ಯುವುದಿಲ್ಲ.

ಗೋಕರ್ಣದ ಕಡೆ ಪ್ರವಾಸಿಗರಿಗೆಂದು ಸಂಜೆ ನಡೆಯುವ ಉಸಿರಾಟ ಕೂಟಗಳೊಂದಿಗೆ ಹೋಲಿಸಿ ಕೇಳುವವರಿದ್ದಾರೆ. ಅದು ಬೇರೆಯೇ ಪದಾರ್ಥ. ಮಲಗಿಕೊಂಡು, ಡೋಲಿನ ಸದ್ದಿಗೆ, ಬಾಯಿಂದ ಒಂದರ ಹಿಂದೊಂದು ನಿಲ್ಲದೆ ಉಸಿರಾಡುವುದು. 1970ರ ದಶಕದಲ್ಲಿ ಮನೋವೈದ್ಯ ಸ್ಟಾನಿಸ್ಲಾವ್ ಗ್ರೋಫ್ ರೂಪಿಸಿದ ಪದ್ಧತಿಯ ದೂರದ ನೆಂಟ. ಅಳು ಬರುತ್ತದೆ, ನಗು ಬರುತ್ತದೆ, ಕೈಬೆರಳು ಕೊಕ್ಕೆಯಂತೆ ಸೆಟೆದುಕೊಳ್ಳುವುದೂ ಉಂಟು. ಆ ಸೆಟೆತವನ್ನು "ಒಳಗಿನ ನೋವು ಹೊರಬರುತ್ತಿದೆ" ಎಂದು ವಿವರಿಸುತ್ತಾರೆ. ನಿಜದಲ್ಲಿ ಅದು ಕ್ಷಾರತೆ ಏರಿ ರಕ್ತದಲ್ಲಿನ ಬಿಡಿ ಕ್ಯಾಲ್ಸಿಯಂ ಇಳಿದದ್ದರ ಫಲ, ಉಸಿರು ನಿಧಾನ ಮಾಡಿದರೆ ಕೆಲ ನಿಮಿಷದಲ್ಲಿ ಬಿಡುತ್ತದೆ. ಮೈ ಗಟ್ಟಿ ಇದ್ದು, ಒಂದು ಸಂಜೆಯ ಅನುಭವ ಬೇಕೆನ್ನುವವರ ವಿಷಯ ಅವರಿಗೆ ಬಿಟ್ಟದ್ದು. ದಿನದ ಕಳವಳಕ್ಕೆ ಮದ್ದು ಹುಡುಕುವವರಿಗೆ ಅದು ಊರು ಬಿಟ್ಟು ಊರಿಗೆ ಹೋದ ಹಾಗೆ.

ಆ ಕೂಟ ಮುಗಿಸಿ ನೇರ ಸಮುದ್ರಕ್ಕೆ ಇಳಿಯುವವರನ್ನು ಕಂಡರೆ ಮಾತ್ರ ಯಾರಾದರೂ ತಡೆಯಬೇಕು. ಜೋರಾಗಿ ಉಸಿರಾಡಿ ನೀರಿನೊಳಗೆ ಉಸಿರು ಹಿಡಿದರೆ, "ಸಾಕು, ಮೇಲೆ ಬಾ" ಎಂದು ಕೂಗಬೇಕಾದ ಇಂಗಾಲದ ಡೈಆಕ್ಸೈಡ್ ಮೊದಲೇ ಖಾಲಿಯಾಗಿರುತ್ತದೆ. ಆಮ್ಲಜನಕ ತಳ ಮುಟ್ಟಿದ್ದೇ ತಿಳಿಯದೆ ಎಚ್ಚರ ತಪ್ಪುತ್ತದೆ. ಈಜು ಬಲ್ಲವರೂ ಹೀಗೆ ಸಾಯುತ್ತಾರೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಕ್ಕೆ ಹೋಗುವವರ ನಿಯಮ ಇನ್ನೂ ಬೇರೆ: ಸಿಲಿಂಡರಿನ ಗಾಳಿ ಉಸಿರಾಡುವಾಗ ಉಸಿರು ಹಿಡಿಯುವುದೇ ನಿಷಿದ್ಧ, ಮೇಲೇರುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಬೆಳಿಗ್ಗೆ ಕಲಿತ ಪ್ರಾಣಾಯಾಮವನ್ನು ನೀರಿಗೆ ಒಯ್ಯಬೇಡಿ ಎಂಬ ಒಂದು ಸಾಲು ಕರಾವಳಿಯ ಎಲ್ಲ ತರಗತಿಗಳ ಗೋಡೆ ಮೇಲೂ ಇರಬೇಕಿತ್ತು. ಇಲ್ಲಿಯೂ ಇಲ್ಲ.

ಮತ್ತೆ ಕಾರವಾರಕ್ಕೆ. ಒಂಬತ್ತನೇ ದಿನದ ನಾಡಿಶುದ್ಧಿಯಲ್ಲಿ, ಅಂದರೆ ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವುದರಲ್ಲಿ, ಹೊಸದೇನಿಲ್ಲ, ಒಂದು ಸೂಕ್ಷ್ಮ ಬಿಟ್ಟರೆ. ಮೂಗಿನ ಎಲುಬು ಮುಗಿದು ಮೆತ್ತಗಾಗುವ ಜಾಗವಿದೆಯಲ್ಲ, ಅದರ ಕೆಳಗೆ ಬೆರಳು ಬರೀ ಆನಿಸಿದರೆ ಸಾಕು. ಒತ್ತಿದರೆ ನಡುಗೋಡೆ ಆಚೆಗೆ ವಾಲಿ ಎರಡೂ ಹೊಳ್ಳೆ ಕಿರಿದಾಗುತ್ತವೆ. ಒಂದು ಹೊಳ್ಳೆ ಕಟ್ಟಿರುವುದು ಕಾಯಿಲೆಯೂ ಅಲ್ಲ, ಕೆಲವು ಗಂಟೆಗೊಮ್ಮೆ ಸರದಿ ಬದಲಾಗುತ್ತಿರುತ್ತದೆ. ಕಟ್ಟಿದ ಕಡೆಯಿಂದ ಜಗ್ಗಿ ಎಳೆಯುವ ಬದಲು ಅವತ್ತು ಅದನ್ನು ಬಿಟ್ಟು ಭ್ರಾಮರಿ ಮಾಡಿ ಎನ್ನುವುದು ಸರಿಯಾದ ಸಲಹೆ.

ಐದನೇ ದಿನ ಎಲ್ಲರನ್ನೂ ಕಡಲ ದಂಡೆಗೆ ಕರೆದೊಯ್ದು "ತೆರೆಯ ತಾಳಕ್ಕೆ ಉಸಿರಾಡಿ" ಎನ್ನುತ್ತಾರೆ. ಕೇಳಲು ಚಂದ. ತೆರೆಗೆ ತಾಳವೆಲ್ಲಿದೆ? ಒಂದು ಬೇಗ, ಒಂದು ತಡ, ನಡುವೆ ಎರಡು ಒಟ್ಟಿಗೆ. ಅದರ ಹಿಂದೆ ಓಡಿದ ಉಸಿರು ಏದುಸಿರಾಗುತ್ತದೆ. ತೆರೆಯ ಸದ್ದನ್ನು ಕೇಳುತ್ತಾ ನಿಮ್ಮ ಎಣಿಕೆಯನ್ನೇ ಹಿಡಿದುಕೊಳ್ಳಿ. ಬೆಳಗಿನ ಹೊತ್ತು ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತಿರುತ್ತದೆ, ತಣ್ಣಗೆ, ಬೆನ್ನಿಗೆ. ಅಷ್ಟಕ್ಕಾದರೂ ಹೋಗಬಹುದು. ಒಣಮೀನಿನ ಕಾಲದಲ್ಲಿ ಆ ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಂಡು ಕೂರಿ.

ಜಾಗದ ಕೊರತೆಗಳು ಹೇಳಲೇಬೇಕಾದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ತಗಡಿನ ಮೇಲೆ ಬಿದ್ದರೆ ಕಲಿಸುವವರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಚಾಪೆಗಳು ಬೂಷ್ಟು ಹಿಡಿದಿರುತ್ತವೆ. ಅಲರ್ಜಿ, ದಮ್ಮು ಇದ್ದವರಿಗೆ ಉಸಿರಾಟದ ತರಗತಿಯಲ್ಲೇ ಉಸಿರು ಕಟ್ಟುವ ವಿಪರ್ಯಾಸ. ಮನೆಯಿಂದ ಒಣಗಿದ ಚಾದರ ಒಯ್ಯುವುದು ಜಾಣತನ. ಇನ್ಹೇಲರ್ ಜೇಬಲ್ಲಿರಲಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಶಿರಸಿ ಕಡೆಯವರು ಕಲಿತದ್ದನ್ನು ಊರಲ್ಲಿ ಮುಂದುವರಿಸುವಾಗ ಅದೇ ತಿಂಗಳುಗಳಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ ಅಂಗಳದಲ್ಲಿ ಕವಿದಿರುತ್ತದೆ ಎನ್ನುವುದನ್ನು ಮರೆಯಬಾರದು. ಜಗುಲಿ ಬಿಟ್ಟು ಒಳಗಿನ ಕೋಣೆ ಹಿಡಿಯಿರಿ.

ಕರಪತ್ರದ ಎರಡು ಮಾತು ಕಿತ್ತುಹಾಕಬೇಕು. ಒಂದು, "ದೇಹದಲ್ಲಿ ಆಮ್ಲಜನಕ ಹೆಚ್ಚುತ್ತದೆ." ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ 95ರಿಂದ 100 ಶೇಕಡ ತುಂಬಿಯೇ ಇರುತ್ತದೆ, ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯುವುದು? ಇನ್ನೊಂದು, "ಮಾತ್ರೆಗಳಿಂದ ಮುಕ್ತಿ." ಇದು ಅಪಾಯದ ಮಾತು. 2023ರಲ್ಲಿ 12 ಪ್ರಯೋಗಗಳ 785 ಜನರ ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದಾಗ ಉಸಿರಾಟದ ಅಭ್ಯಾಸ ಒತ್ತಡವನ್ನು ಇಳಿಸುವುದು ಕಂಡಿತು ನಿಜ, ಆದರೆ ಇಳಿತದ ಪ್ರಮಾಣ ಸಣ್ಣದರಿಂದ ಮಧ್ಯಮ. ಕಳವಳಕ್ಕೋ ಖಿನ್ನತೆಗೋ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಒಂದನ್ನೂ ಬಿಡಬಾರದು. ಬದುಕೇ ಬೇಡ ಅನಿಸುತ್ತಿದ್ದರೆ ಬೀಜ ಎಣಿಸುವ ಹೊತ್ತಲ್ಲ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕಣ್ಣು ಮುಚ್ಚಿ ಉಸಿರು ಗಮನಿಸಿದರೇ ಕಳವಳ ಹೆಚ್ಚುವವರೂ ಇದ್ದಾರೆ, ಅಪರೂಪವೇನಲ್ಲ. ಅಂಥವರಿಗೆ ಇಲ್ಲಿ ಕಣ್ಣು ತೆರೆದು, ಅಂಗಾಲು ನೆಲಕ್ಕೆ ಊರಿ, ಕಿಟಕಿಯಾಚೆಯ ತೆಂಗಿನ ಮರ ನೋಡುತ್ತಾ ಬಿಡುವ ಉಸಿರನ್ನಷ್ಟೇ ಉದ್ದ ಮಾಡಿ ಎನ್ನುತ್ತಾರೆ. ಸರಿಯಾದ ದಾರಿ. ಪ್ಯಾನಿಕ್ ಬಂದಾಗ ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನು ಒಬ್ಬರು ಕೇಳಿದ್ದಕ್ಕೆ ಬೇಡವೇ ಬೇಡ ಎಂದದ್ದೂ ಸರಿ. ಅದು ದಮ್ಮೋ ಹೃದಯದ ತೊಂದರೆಯೋ ಆಗಿದ್ದರೆ ಚೀಲ ಪ್ರಾಣಕ್ಕೇ ಎರವಾಗಬಹುದು. ತುಟಿ ಚೂಪು ಮಾಡಿ, ಬಿಸಿ ಗಂಜಿ ಆರಿಸುವಂತೆ ಮೆಲ್ಲಗೆ ಊದುವುದು ಸಾಕು.

ಸೇರುವವರಿಗೆ: ಖಾಲಿ ಹೊಟ್ಟೆ ಅಥವಾ ಅರ್ಧ ಲೋಟ ನೀರು. ಫ್ಯಾನಿನ ಕೆಳಗೆ ಕೂರಬೇಡಿ, ಗಂಟಲು ಒಣಗುತ್ತದೆ, ಹತ್ತಿಯ ಪರೀಕ್ಷೆಯೂ ಕೆಡುತ್ತದೆ. 5.50ಕ್ಕೆ ಹೋದರೆ ಕಿಟಕಿ ಬದಿಯ ಕಂಬಕ್ಕೆ ಒರಗುವ ಜಾಗ ಸಿಗುತ್ತದೆ. ಕೊನೆಗೆ ಕೊಡುವ ಜೀರಿಗೆ ಕೊತ್ತಂಬರಿ ಕಷಾಯಕ್ಕೆ ಬೆಲ್ಲ ಜಾಸ್ತಿ, ಶುಗರ್ ಇದ್ದವರು ಮೊದಲೇ ಹೇಳಿ. ಹತ್ತನೇ ದಿನ ಮಿರಮಿರ ಮಿಂಚುವ ಪ್ರಮಾಣಪತ್ರ ಕೊಡುತ್ತಾರೆ, ಅದಕ್ಕೆ ಖರ್ಚು ಮಾಡಿದ ದುಡ್ಡಿನಲ್ಲಿ ನಾಲ್ಕು ಹೊಸ ಚಾಪೆ ಬರುತ್ತಿತ್ತು. ಸ್ಟೀಲ್ ಬಟ್ಟಲುಗಳನ್ನು ಎಣಿಸಿ ವಾಪಸ್ ಇಸಿದುಕೊಳ್ಳುತ್ತಾರೆ. ಹುಣಸೆ ಬೀಜ ಕೇಳುವುದಿಲ್ಲ.